ಇನ್ನೂರ ಹದಿನಾಲ್ಕನೇ ನಂಬರಿನ ಕೊಲೆಗಾರ

ಕನ್ನಡ ಸಂಘದ ವಾಚನಾಲಯಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ಆಜಿ, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಮರಾಠಿಯಲ್ಲಿ ಕೇಳಿದರು. ಕನ್ನಡ ಪುಸ್ತಕ ಹಂಚುವ ಕೆಲಸಕ್ಕೆ ಸೇರಿ ಮರಾಠಿಯಲ್ಲಿ ಕೇಳುತ್ತೀರಲ್ಲ ಎಂದು ಬೈದೆ. ನಕ್ಕರು. ಒಳ್ಳೆಯ ಹುಡುಗಿಯರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ಈಗಲೂ ಕೈ ಕೊಡುತ್ತದೆ. ಎದುರು ಮನೆಯ ಟೀಚರು ತಿದ್ದಿ ಕೊಟ್ಟಿದ್ದಾರೆ. ತಿದ್ದುವಾಗ ಅಲ್ಲಲ್ಲಿ ಚಂದದ ಮಾತು ಸೇರಿಸಿದ್ದರು, ತೆಗೆಸಿದೆ.

ಎಪ್ಪತ್ತರ ದಶಕದಲ್ಲಿ ಡೊಂಬಿವಲಿ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು. ಬರೀ ಕನ್ನಡ ಪುಸ್ತಕ. ಅದರ ಯಜಮಾನರು ಉಡುಪಿ ಕಡೆಯವರು, ಮುಂಬೈಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಅವರು ಮಾಸ್ಟ್ರು. ವಿಜಾಪುರದಿಂದ ಬಂದ ನಾನು ಗಂಡ ಸತ್ತ ಮೇಲೆ ಅವರ ಹತ್ತಿರ ಕೆಲಸ ಕೇಳಲು ಹೋದೆ. ಅವರು ಕೇಳಿದ್ದು ಎರಡೇ ಮಾತು.

“ನಡೆಯಲಿಕ್ಕೆ ಆಗ್ತದಾ? ಓದಲಿಕ್ಕೆ ಬರ್ತದಾ?”

“ನಡೀತೀನ್ರಿ,” ಎಂದೆ. ಎರಡನೆಯದಕ್ಕೆ ಇಲ್ಲ ಎಂದು ತಲೆ ಆಡಿಸಿದೆ.

“ಅಡ್ಡಿಲ್ಲ ಮಾರಾಯ್ತಿ. ಓದುವವರನ್ನು ಇಟ್ಟುಕೊಂಡರೆ ಮೆಟ್ಟಿಲ ಮೇಲೆ ಕೂತು ಓದ್ತಾರೆ, ಮನೆಗಳಿಗೆ ಹೋಗುವುದಿಲ್ಲ,” ಎಂದು ಎರಡು ಬಟ್ಟೆ ಚೀಲ ಕೈಗೆ ಕೊಟ್ಟರು.

ಅಂದಿನಿಂದ ನಾನು ಪುಸ್ತಕದ ಬಾಯಿ; ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಹೆಗಲಿಗೆ ಎರಡು ಚೀಲ, ಒಂದೊಂದರಲ್ಲಿ ಹನ್ನೆರಡು ಪುಸ್ತಕ. ಸೋಮವಾರ, ಮಂಗಳವಾರ ಡೊಂಬಿವಲಿ ಪಶ್ಚಿಮ. ಬುಧವಾರ ಕಲ್ಯಾಣ, ವಿಠ್ಠಲವಾಡಿ. ಗುರುವಾರ, ಶುಕ್ರವಾರ ಡೊಂಬಿವಲಿ ಪೂರ್ವ. ಲಿಫ್ಟು ಎಂಬುದು ಯಾವ ಕಟ್ಟಡದಲ್ಲೂ ಇರಲಿಲ್ಲ. ಗಂಡಸರು ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ ಹೆಂಗಸರು ಕೈ ಒರೆಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ನನಗಲ್ಲ, ಚೀಲಕ್ಕೆ.

ಮಾಸ್ಟ್ರು ಎಲ್ಲ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ ಹಾಕಿ ಬೆನ್ನಿನ ಮೇಲೆ ನಂಬರು ಬರೆಯುತ್ತಿದ್ದರು. ನನಗೆ ಅಂಕಿ ಚೆನ್ನಾಗಿ ಬರುತ್ತಿತ್ತು. ಆದರೆ ಅಂಕಿಯೂ ಮೋಸ ಮಾಡುತ್ತದೆ. ಒಮ್ಮೆ 61ನ್ನು ತಲೆಕೆಳಗೆ ಹಿಡಿದು 19 ಎಂದು ತಿಳಿದೆ. ಹೊಸದಾಗಿ ಮದುವೆಯಾದವಳಿಗೆ ಗರುಡಪುರಾಣದ ಸಾರ ಹೋಯಿತು, ನಿವೃತ್ತ ಪೋಸ್ಟ್‌ಮಾಸ್ತರರಿಗೆ ಮಧುಚಂದ್ರದ ಕಾದಂಬರಿ. ಹುಡುಗಿ ಅತ್ತುಕೊಂಡು ಮರುದಿನವೇ ಪುಸ್ತಕ ವಾಪಸು ಕಳಿಸಿದಳು. ಪೋಸ್ಟ್‌ಮಾಸ್ತರರು ಮೂರು ವಾರ ಕೊಡಲಿಲ್ಲ. ಆಮೇಲೆ ಮಾಸ್ಟ್ರು ಎಲ್ಲ ನಂಬರುಗಳ ಕೆಳಗೆ ಒಂದು ಗೆರೆ ಎಳೆದರು. ಮಾಸ್ಟ್ರ ಲೈಬ್ರರಿಯಿಂದ ನಿಮ್ಮ ವಾಚನಾಲಯಕ್ಕೆ ಬಂದ ಹಳೇ ಪುಸ್ತಕಗಳ ಮೇಲೆ ಆ ಗೆರೆ ಇನ್ನೂ ಇದೆ. ಅದು ಯಾಕೆಂದು ಈಗ ತಿಳಿಯಿತಲ್ಲ.

ಓದಲು ಬಾರದವಳು ಯಾರಿಗೆ ಯಾವ ಪುಸ್ತಕ ಎಂದು ಹೇಗೆ ಹೇಳುತ್ತಿದ್ದೆ ಎಂದು ಕೇಳಿದಿರಿ. ಪುಸ್ತಕ ಹಿಂದೆ ಕೊಡುವಾಗ ಹೆಂಗಸರು ಕಥೆ ಹೇಳದೆ ಬಿಡುತ್ತಿರಲಿಲ್ಲ. ಒಂದೇ ಕಾದಂಬರಿಯನ್ನು ಹನ್ನೆರಡು ಬಾಯಿಂದ ಕೇಳಿದರೆ ಓದಿದವರಿಗಿಂತ ಹೆಚ್ಚು ಗೊತ್ತಾಗುತ್ತದೆ. ಅತ್ತೆ ಹೇಳಿದರೆ ಸೊಸೆಯ ತಪ್ಪು, ಸೊಸೆ ಹೇಳಿದರೆ ಅತ್ತೆಯ ತಪ್ಪು, ಪುಸ್ತಕ ಅದೇ. ನೆನಪಿಗೆಂದು ನಾನೇ ಹೊಸದೊಂದು ಪದ್ಧತಿ ಮಾಡಿದೆ. ಬೆನ್ನಿನ ಮೇಲೆ ಚುಕ್ಕಿ. ಸಂಸಾರದ ಕಥೆಗೆ ನೀಲಿ, ಕೊಲೆ ಪತ್ತೇದಾರಿಗೆ ಕೆಂಪು, ದೇವರದಕ್ಕೆ ಹಳದಿ. ಮಾಸ್ಟ್ರು ಮೊದಲು ನಕ್ಕರು, ಆಮೇಲೆ ತಾವೇ ಬಣ್ಣದ ಡಬ್ಬಿ ತಂದರು.

ಇನ್ನೊಂದು ಕೆಲಸ ರಬ್ಬರಿನದು. ಓದುವವರಿಗೆ ಪೆನ್ಸಿಲ್ ರೋಗ ಇರುತ್ತದೆ. ಗೆರೆ ಎಳೆಯುತ್ತಾರೆ, ಪಕ್ಕದಲ್ಲಿ ‘ಛೇ’ ಎಂದು ಬರೆಯುತ್ತಾರೆ, ಲೇಖಕನಿಗೆ ಬುದ್ಧಿ ಹೇಳುತ್ತಾರೆ. ಶನಿವಾರ ಮಧ್ಯಾಹ್ನ ನಾನು ರಬ್ಬರ್ ಹಿಡಿದು ಕೂರುತ್ತಿದ್ದೆ. ಏನು ಬರೆದಿದೆ ಎಂದು ಓದುವ ಗೋಜಿಗೆ ಹೋಗುತ್ತಿರಲಿಲ್ಲ. ಕಪ್ಪಗಿದ್ದರೆ ಅಚ್ಚು, ಬಿಡು. ಬೂದಿಯಂತಿದ್ದರೆ ಪೆನ್ಸಿಲ್, ಉಜ್ಜು.

ಈಗ ಹೇಳಬೇಕಾದ ತಪ್ಪನ್ನು ಹೇಳುತ್ತೇನೆ.

ಇನ್ನೂರ ಹದಿನಾಲ್ಕನೇ ನಂಬರು ‘ಸಂಜೆಯ ಹಾಲು’ ಎಂಬ ಹೊಸ ಕಾದಂಬರಿ. ಮಾಸ್ಟ್ರು ಹೆಸರು ಓದಿ ಹೇಳಿದರು. ಹಾಲು ಎಂದ ಮೇಲೆ ಮನೆ, ಮಕ್ಕಳು, ಅಡುಗೆಮನೆ. ನಾನು ನೀಲಿ ಚುಕ್ಕಿ ಇಟ್ಟೆ. ಮೊದಲು ಒಯ್ದವನು ಒಬ್ಬ ಬ್ಯಾಂಕಿನವನು. ಒಂದು ಗುರುವಾರ ಬೆಳಿಗ್ಗೆ ವಾಪಸು ಕೊಟ್ಟು, ಕಥೆ ಹೇಳದೆ ಬಾಗಿಲು ಹಾಕಿಕೊಂಡ. ಶನಿವಾರದ ರಬ್ಬರಿಗೆ ಕಾಯದೆ ಅದೇ ದಿನ ಅದನ್ನು ಸುಮಿತ್ರಾಳಿಗೆ ಕೊಟ್ಟೆ.

ಸುಮಿತ್ರಾ ಧಾರವಾಡದ ಹುಡುಗಿ. ಗಂಡ ಹೆಂಡತಿ ಇಬ್ಬರೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷ. ಗಂಡ ಶ್ರೀಪಾದರಾವ್ ಠಾಣೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ ಎರಡನೇ ಮಹಡಿ, ಒಂದೂವರೆ ಕೋಣೆ. ಆ ವರ್ಷ ಅವಳಿಗೆ ಟಿ.ಬಿ. ಆಗಿತ್ತು. ದಿನ ಬಿಟ್ಟು ದಿನ ಡಾಕ್ಟರು ಬಂದು ಸೂಜಿ ಚುಚ್ಚುತ್ತಿದ್ದರು. ಸೂಜಿಯಿಂದ ತಲೆ ತಿರುಗಿ, ಅಚ್ಚಿನ ಅಕ್ಷರ ಇರುವೆಯ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದಳು. ಅದಕ್ಕೆ ಶ್ರೀಪಾದರಾವ್ ಸಂಜೆ ಆಫೀಸಿನಿಂದ ಬಂದು, ಹಾಲು ಕಾಯಿಸಿ ಅವಳ ಕೈಗೆ ಕೊಟ್ಟು, ಅನ್ನಕ್ಕಿಟ್ಟು, ಅನ್ನ ಆಗುವವರೆಗೆ ಆರು ಪುಟ ಓದುತ್ತಿದ್ದರು. ಹಗಲೆಲ್ಲ ಅವಳು ಆ ಆರು ಪುಟಕ್ಕೆ ಕಾಯುತ್ತಿದ್ದಳು.

ಡಾಕ್ಟರು ಹೇಳಿದ್ದು ಒಂದೇ: ಸೂಜಿ ನನ್ನದು, ತೂಕ ಹೆಚ್ಚಿಸುವುದು ನಿಮ್ಮದು. ಹಾಲು, ಮೊಟ್ಟೆ. ಮೊಟ್ಟೆ ಅವರ ಮನೆಯಲ್ಲಿ ಇಲ್ಲ. ಹಾಗಾಗಿ ಹಾಲು.

ಮುಂದಿನ ಗುರುವಾರ ಹೋದಾಗ ಪುಸ್ತಕ ಮುಗಿದಿರಲಿಲ್ಲ, ಇರಲಿ ಬಿಡು ಎಂದೆ. ನೀರು ಕುಡಿಯಲು ಲೋಟ ತೊಳೆಯಹೋದರೆ ಮೋರಿಯಲ್ಲಿ ಬಿಳೀ ಜಾಡು. ಬಚ್ಚಲಿನಲ್ಲಿ ಹಾಲಿನ ಹುಳಿ ನಾತ. ಹಾಲು ಚೆಲ್ಲಿತೇನವ್ವ ಎಂದೆ. ಹೂಂ ಎಂದಳು. ಕಣ್ಣು ನನ್ನ ಕಡೆ ಇರಲಿಲ್ಲ. ಕುತ್ತಿಗೆಯ ಎಲುಬು ಎದ್ದಿದ್ದವು.

ಅದೇ ದಿನ ಮಧ್ಯಾಹ್ನ ಹೋಟೆಲಿನವರ ಮನೆಯ ಗಿರಿಜಕ್ಕ, ಕುಂದಾಪುರದವರು, ಚೀಲ ತಡಕಾಡುತ್ತ, “ಆ ಸಂಜೆಯ ಹಾಲು ಇಲ್ವಾ?” ಎಂದರು.

“ಓದಾಕ ಕೊಟ್ಟೀನ್ರಿ.”

“ನಾನು ವಾರಪತ್ರಿಕೆಯಲ್ಲಿ ಬರುವಾಗಲೇ ಓದಿದ್ದೆ. ಇನ್ನೊಮ್ಮೆ ಓದುವ ಅಂತ. ಎಂಥ ಕಥೆ ಮಾರಾಯ್ತಿ, ಮೈ ಜುಂ ಅಂತದೆ. ಹೆಂಡತಿಗೆ ಹುಷಾರಿಲ್ಲ, ಮಲಗಿದಲ್ಲೇ. ಗಂಡ ದಿನಾ ಸಂಜೆ ಹಾಲು ತಂದು ಕೊಡುವುದು. ಅದರಲ್ಲೇ ಹಾಕುವುದು ಅವ, ಸ್ವಲ್ಪ ಸ್ವಲ್ಪ.”

“ಏನ ಹಾಕತಾನ?”

“ವಿಷ ಮತ್ತೆಂತ, ಸಕ್ಕರೆಯಾ? ಅವಳಿಗೆ ಗೊತ್ತಾಗುವುದು ಹೇಗೆ ಗೊತ್ತುಂಟಾ? ಕೆನೆಯಿಂದ. ಹಾಲು ಸುಮ್ಮನೆ ಇಟ್ಟರೆ ಕೆನೆ ಕಟ್ತದೆ. ಚಮಚೆ ಹಾಕಿ ಕದಡಿದರೆ ಕಟ್ಟುವುದಿಲ್ಲ. ಅವಳ ಲೋಟದಲ್ಲಿ ಒಂದು ದಿನವೂ ಕೆನೆ ಇಲ್ಲ.”

ನಾನು ಚೀಲ ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಶ್ರೀಪಾದರಾವ್ ಹಾಲಿಗೆ ಅರಿಸಿನ, ಸಕ್ಕರೆ ಹಾಕಿ ಚಮಚೆಯಿಂದ ಕದಡಿಯೇ ಕೊಡುತ್ತಿದ್ದರು. ಒಂದು ಸಂಜೆ ನಾನೇ ನೋಡಿದ್ದೆ. ನೀಲಿ ಚುಕ್ಕಿ ಇಟ್ಟು ಆ ಮನೆಗೆ ಈ ಪುಸ್ತಕ ಹೊತ್ತುಕೊಂಡು ಹೋದವಳೂ ನಾನೇ.

ಸಂಜೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಾದು ನಿಂತೆ. ಆರೂವರೆಯ ಗದ್ದಲದಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು ಸಾಸಿವೆಯಲ್ಲಿ ಸಾಸಿವೆ ಹುಡುಕಿದ ಹಾಗೆ. ಸಿಕ್ಕರು. ತೋಳು ಹಿಡಿದು ಸೇತುವೆಯ ಕಂಬಿಗೆ ಒತ್ತಿ ನಿಲ್ಲಿಸಿದೆ.

“ರಾಯರ, ಆ ಪುಸ್ತಕ ನನಗ ವಾಪಸ್ ಕೊಡ್ರಿ. ಅದರಾಗ ಗಂಡನೇ ಕೊಲೆಗಾರ ಅದಾನ.”

“ಗೊತ್ತದ ಮಾವಶಿ,” ಎಂದರು.

“ಹೆಂಗ ಗೊತ್ತಾತು?”

“ಕಡೀ ಪೇಜ ನೋಡಿಬಿಟ್ಟೆ,” ಎಂದು ಹಳಿಯ ಕಡೆ ನೋಡಿದರು. “ಕೆನೀ ಮಾತು ಮಾತ್ರ ಗೊತ್ತಿಲ್ದ ಓದಿಬಿಟ್ಟಿದ್ದೆ. ಅದರ ಮ್ಯಾಲಿಂದ ಆಕೀ ಮಾರೀನ ಬ್ಯಾರೆ ಆಗೇದ. ಈಗ ಪುಸ್ತಕ ನಡುವ ಬಿಟ್ರ ಯಾಕ ಬಿಟ್ರಿ ಅಂತಾಳ. ಅದಕ್ಕ ನಿನ್ನೆಯಿಂದ ಬದಲ ಮಾಡಿ ಓದಾಕತ್ತೀನಿ.”

“ಯಾರನ್ನ ಮಾಡೀರಿ ಕೊಲೆಗಾರ?”

“ಇನ್ನೂ ಯಾರನ್ನೂ ಮಾಡಿಲ್ರಿ. ನನಗ ಕಥಿ ಕಟ್ಟಲಿಕ್ಕೆ ಬರೂದಿಲ್ಲ. ಇವತ್ತ ಕಳವಾ ಸ್ಟೇಷನ್ನಿಂದ ವಿಚಾರ ಶುರು ಮಾಡಿದೆ, ಮುಂಬ್ರಾ ಗುಡ್ಡ ದಾಟಿ, ದಿವಾ ಬಂದ್ರೂ ಏನೂ ಹೊಳೀಲಿಲ್ಲ. ಮನಿಗೆ ಹೋಗಿ ಬಾಯಿಗೆ ಬಂದದ್ದು ಓದ್ತೀನಿ.”

ನೂರಾರು ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಾನು ಎಷ್ಟೋ ಕೊಲೆಯ ಕಥೆ ಕೇಳಿದವಳು. “ನಿಮಗ ಆಫೀಸಿನಾಗ ಯಾರ ಮ್ಯಾಲ ಸಿಟ್ಟೈತಿ?” ಎಂದು ಕೇಳಿದೆ.

“ಮ್ಯಾನೇಜರನ ಮ್ಯಾಲ.”

“ಹಂಗಾರ ಅವನ್ನ ಮಾಡ್ರಿ. ಸಿಟ್ಟಿದ್ದರ ಮಾತು ತಾನ ಬರ್ತೈತಿ.”

ಹೀಗೆ ಆ ಕಾದಂಬರಿಯೊಳಗೆ ಒಬ್ಬ ಮ್ಯಾನೇಜರ ಬಂದ. ಎರಡು ವಾರ ನಾನು ಗುರುವಾರ, ಶುಕ್ರವಾರ ಸೇತುವೆಯ ಮೇಲೆ ನಿಂತು ಮುಂದಿನ ಪುಟಗಳಿಗೆ ದಾರಿ ಹೇಳಿಕೊಟ್ಟೆ. ಮ್ಯಾನೇಜರನಿಗೆ ಗಂಡನ ಮೇಲೆ ಹಗೆ; ಹಾಲಿನವನಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸುತ್ತಾನೆ; ಗಂಡ ಪಾಪದವನು, ಕದಡಿದ್ದು ಬರೀ ಅರಿಸಿನ. ಶ್ರೀಪಾದರಾವ್ ಟಿಕೆಟಿನ ಹಿಂದೆ ಗುರುತು ಹಾಕಿಕೊಳ್ಳುತ್ತಿದ್ದರು. ಎರಡನೇ ವಾರ ಹೋದಾಗ ಮೋರಿ ಒಣಗಿತ್ತು. ಲೋಟದ ತಳದಲ್ಲಿ ಅರಿಸಿನ ಅಂಟಿತ್ತು, ಕುಡಿದು ಇಟ್ಟ ಲೋಟ. ನನಗೆ ನಾನೇ ಶಭಾಸ್ ಎಂದುಕೊಂಡೆ.

ಅಷ್ಟರಲ್ಲಿ ಆ ಕಾದಂಬರಿಯ ಸಿನೆಮಾ ಬಂತು. ಆಗ ಕನ್ನಡ ಸಿನೆಮಾ ನಮ್ಮ ಕಡೆ ಭಾನುವಾರ ಬೆಳಗಿನ ಆಟಕ್ಕೆ ಮಾತ್ರ ಬರುತ್ತಿತ್ತು. ಒಂದು ಭಾನುವಾರ ಠಾಣೆ, ಮುಂದಿನ ಭಾನುವಾರ ಅದೇ ರೀಲಿನ ಡಬ್ಬಿ ಕಲ್ಯಾಣಕ್ಕೆ. ಡಾಕ್ಟರು ಸುಮಿತ್ರಾಳ ತೂಕ ನೋಡಿ, ಇನ್ನು ಹೊರಗೆ ಗಾಳಿಗೆ ಹೋಗಬಹುದು ಎಂದಿದ್ದರು. ಅವಳು, “ನನಗ ಬ್ಯಾರೆ ಎಲ್ಲಿಗೂ ಬ್ಯಾಡ, ಆ ಸಿನೆಮಾಕ್ಕ ಕರಕೊಂಡ ಹೋಗ್ರಿ,” ಎಂದು ಕೂತಳು. ಊರ ತುಂಬ ಒಂದೇ ಮಾತು: ಪುಸ್ತಕ ಇದ್ದ ಹಾಗೆಯೇ ತೆಗೆದಿದ್ದಾರಂತೆ.

ಶ್ರೀಪಾದರಾವ್ ಲೈಬ್ರರಿಗೇ ಓಡಿ ಬಂದರು. “ಮಾವಶಿ, ಪಡದೆ ಮ್ಯಾಲ ಗಂಡ ಹಾಲಿನಾಗ ಪುಡಿ ಹಾಕೂದು ನೋಡಿದ್ರ ಆಕೀ ಮತ್ತ ಲೋಟ ಮುಟ್ಟೂದಿಲ್ಲ. ನೀವು ಠಾಣಾಕ ಹೋಗಿ ಮೊದಲ ನೋಡಿ ಬರ್ರಿ. ಕೊಲೆಗಾರ ಗಂಡನೇ ಇದ್ರ ನನಗ ಜ್ವರ ಬಂದದ ಅಂತ ಹೇಳಿ ಮಲಕೊಂಡಬಿಡ್ತೀನಿ.”

ನನಗೆ ಸಿನೆಮಾ ಹುಚ್ಚು ಇರಲಿಲ್ಲ. ಆದರೂ ಹೋದೆ. ಕೊಲೆಗಾರನನ್ನು ನೋಡಿ ಬರಲು ಕಳಿಸಿದ್ದು ಅದೊಂದೇ ಸಲ.

ಈಗಿನವರು ಸಿನೆಮಾ ಚೆನ್ನ, ಪುಸ್ತಕ ಚೆನ್ನ ಎಂದು ಜಗಳ ಆಡುತ್ತೀರಿ. ನಾನು ಕಂಡದ್ದು ಹೇಳುತ್ತೇನೆ. ಪುಸ್ತಕದಲ್ಲಿ ಅವರದು ಮೂರು ಕೋಣೆಯ ಬಾಡಿಗೆ ಮನೆ. ಸಿನೆಮಾದಲ್ಲಿ ಬಂಗಲೆ, ಯಾಕೆಂದರೆ ಯಾರಾದರೂ ಮೆಟ್ಟಿಲ ಮೇಲಿಂದ ಉರುಳಬೇಕಲ್ಲ. ಪುಸ್ತಕದವಳು ಎದ್ದು ಕೂರಲಾರಳು. ಸಿನೆಮಾದವಳು ತೋಟದಲ್ಲಿ ಎರಡು ಹಾಡು ಹಾಡಿದಳು. ಕೆನೆಯ ಮಾತೇ ಇಲ್ಲ. ಅದರ ಬದಲು ಒಂದು ಬೆಕ್ಕು ಹಾಲು ಕುಡಿದು ಸತ್ತಿತು, ಢಣ್ ಎಂದು ಸಂಗೀತ, ನನ್ನ ಪಕ್ಕದವಳು ನನ್ನ ಕೈ ಜಿಗುಟಿದಳು. ಪುಸ್ತಕದಲ್ಲಿ ಬೆಕ್ಕೇ ಇರಲಿಲ್ಲ. ಗಿರಿಜಕ್ಕ ಕೆನೆಯ ಮಾತು ಹೇಳಿದಾಗ ನನಗೆ ಬೆನ್ನಲ್ಲಿ ತಣ್ಣಗಾಗಿತ್ತು, ಬೆಕ್ಕು ಸತ್ತಾಗ ಏನೂ ಆಗಲಿಲ್ಲ. ಕೆನೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೆ.

ಕೊಲೆಗಾರ ಯಾರು? ಡಾಕ್ಟರು. ಕಪ್ಪು ಕನ್ನಡಕದ ಡಾಕ್ಟರು. ಗಂಡನ ಪಾತ್ರ ಮಾಡಿದವನು ದೊಡ್ಡ ಹೀರೋ. ಅವನು ಹೆಂಡತಿಗೆ ವಿಷ ಹಾಕಿದರೆ ಜನ ಕುರ್ಚಿ ಮುರಿಯುತ್ತಿದ್ದರು. ಅದಕ್ಕೆ ಬರೆದವರ ಮಾತು ಬದಿಗಿಟ್ಟು ಡಾಕ್ಟರ ತಲೆಗೆ ಕಟ್ಟಿದ್ದರು. ಮೋಸ ಎಂದು ಹಿಂದಿನ ಸಾಲಿನ ಗಂಡಸರು ಬೈದರು. ನಾನು ಆ ಸಿನೆಮಾ ತೆಗೆದವನಿಗೆ ಕೂತಲ್ಲೇ ಕೈ ಮುಗಿದೆ.

“ಗಂಡ ಅಲ್ರಿ, ಡಾಕ್ಟರ,” ಎಂದು ಬಂದು ಹೇಳಿದೆ. ಶ್ರೀಪಾದರಾವ್ ಮೊದಲು ನಕ್ಕರು, ಆಮೇಲೆ ಅವರ ಮುಖ ಇಳಿಯಿತು. “ದಿನಾ ಬಿಟ್ಟು ದಿನಾ ಸೂಜಿ ಹಾಕಾಂವ ಡಾಕ್ಟರ ಅಲ್ರೀ ಮಾವಶಿ?”

ಅದನ್ನು ನಾನು ಯೋಚಿಸಿರಲಿಲ್ಲ. “ನಿಮ್ಮ ಡಾಕ್ಟರಿಗೆ ಕನ್ನಡಕ ಇಲ್ಲ, ನಡೀರಿ,” ಎಂದೆ.

ಮುಂದಿನ ಭಾನುವಾರ ಮೂವರೂ ಕಲ್ಯಾಣಕ್ಕೆ ಹೋದೆವು. ಲೋಕಲ್ಲಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಟಾಕೀಸಿನಲ್ಲಿ ನಾನು ಪಡದೆ ನೋಡಲಿಲ್ಲ, ಅವಳನ್ನೇ ನೋಡಿದೆ. ಹಾಲಿನ ಲೋಟ ಬಂದಾಗ ಅವಳು ಗಂಡನ ಕಡೆ ತಿರುಗಿದಳು. ಅವರು ಮೊಣಕಾಲ ಮೇಲೆ ಕೈ ಇಟ್ಟು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತಿದ್ದರು. ಡಾಕ್ಟರು ಸಿಕ್ಕಿಬಿದ್ದಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ವಾಪಸು ಬರುವಾಗ ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಶ್ರೀಪಾದರಾವ್ ಸ್ಟಾಲಿನ ಕಡೆ ಹೋದರು.

“ಮಾವಶಿ, ಪುಸ್ತಕದಾಗ ಡಾಕ್ಟರ ಅಲ್ಲ,” ಎಂದಳು.

“ಹೌದವ್ವ, ಮ್ಯಾನೇಜರ,” ಎಂದೆ.

“ಮ್ಯಾನೇಜರನೂ ಅಲ್ಲ. ಗಂಡ.”

ನಾನು ಅವಳ ಕಡೆ ತಿರುಗಿ ಕೂತೆ.

“ನಲವತ್ತನೇ ಪೇಜಿಗೆ ಪೆನ್ಸಿಲ್ಲೆ ಬರದಿತ್ತು. ‘ಗಂಡನೇ ಕೊಲೆಗಾರ, ಮುಂದೆ ಓದಿ ಹೊತ್ತು ಕಳೆಯಬೇಡಿ’ ಅಂತ. ಅಚ್ಚು ಓದಲಿಕ್ಕೆ ಆಗ್ತಿದ್ದಿಲ್ಲ, ಇದು ಇಷ್ಟಿಷ್ಟು ದೊಡ್ಡ ಅಕ್ಷರ. ನೀವು ಕೊಟ್ಟು ಹೋದ ದಿನಾನ ಕಂಡಿತ್ತು.”

ನನ್ನ ರಬ್ಬರು. ನಾನು ಉಜ್ಜದೆ ಕೊಟ್ಟದ್ದು. ಬೆಂಚಿನಿಂದ ಎದ್ದು ಹೋಗೋಣ ಎನ್ನಿಸಿತು. “ಹಾಲು ಅದಕ್ಕ ಚೆಲ್ಲಿದ್ದೇನು?” ಎಂದೆ.

“ಆರೇಳು ದಿನ ಚೆಲ್ಲಿದೆ. ಇವರು ಹಂಗ ಮಾಡ್ತಾರ ಅಂತಲ್ಲ. ಮಲಕೊಂಡಲ್ಲೇ ಮಲಕೊಂಡ್ರ ತಲಿಯೊಳಗ ಏನೇನೋ ಬರ್ತದ. ಕೆನಿ ಅದನೋ ಇಲ್ಲೋ ಅಂತ ಲೋಟಾ ನೋಡಿದೆ, ಇದ್ದಿಲ್ಲ. ಆಮ್ಯಾಲ ನಲವತ್ತನೇ ಪೇಜ ಬಂತು. ಇವರು ಆ ಪೆನ್ಸಿಲ್ಲಿನ ಮ್ಯಾಲ ಹೆಬ್ಬಟ್ಟು ಇಟಗೊಂಡು ಓದಿದ್ರು. ಅಳಿಸಿಬಿಡಬಹುದಿತ್ತು, ಲೈಬ್ರರಿ ಪುಸ್ತಕ ಅಂತ ಅಳಿಸ್ಲಿಲ್ಲ. ಮರುದಿನ ಮ್ಯಾನೇಜರ ಬಂದಾ. ಅಲ್ಲೀತನಕಾ ಪುಸ್ತಕದಾಗ ಇರಲಾರದಂವಾ ಒಮ್ಮಿಗಲೇ ಅಡಗಿ ಮನಿಯೊಳಗ ಬಂದು ನಿಂತಾ. ಎರಡ ಸಲಾ ಅವನ ಹೆಸರು ತಪ್ಪಿ ಆಫೀಸಿನವನ ಹೆಸರ ಹೇಳಿಬಿಟ್ರು.” ಅವಳು ನಕ್ಕಳು, ನಗುತ್ತ ಸ್ವಲ್ಪ ಕೆಮ್ಮಿದಳು. “ಇಷ್ಟ ಕೆಟ್ಟ ಸುಳ್ಳ ಹೇಳಾವರ ಕೈಲೆ ವಿಷ ಹಾಕೂದು ಆಗ್ತದೇನು ಮಾವಶಿ? ಅವತ್ತಿಂದ ಕುಡದೆ.”

ಹಾಗಾದರೆ ಸೇತುವೆಯ ಮೇಲೆ ‘ಕಡೀ ಪೇಜ ನೋಡಿದೆ’ ಎಂದದ್ದೂ ಸುಳ್ಳೇ. ನನ್ನ ಕೆಲಸದ ತಪ್ಪು ನನಗೆ ಗೊತ್ತಾಗದಿರಲಿ ಎಂದು ಹೇಳಿದ ಸುಳ್ಳು. ಅದನ್ನು ಹೇಳುವಾಗ ಅವರು ಯಾಕೆ ಹಳಿ ನೋಡಿದರು ಎಂದು ಕಲ್ಯಾಣದ ಬೆಂಚಿನ ಮೇಲೆ ತಿಳಿಯಿತು.

ಶ್ರೀಪಾದರಾವ್ ಬಂದರು. ನನಗೆ ಚಹಾ, ಅವಳಿಗೆ ಹಾಲು. ಹಾಲು ಸುಡುತ್ತಿತ್ತು. ಅವರು ಎರಡು ಗ್ಲಾಸು ಹಿಡಿದು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿದು ಆರಿಸಿದರು. ಕೆನೆ ಎಲ್ಲ ಕದಡಿ ಹೋಯಿತು. ಅದು ಅವರಿಗೆ ಹೊಳೆಯಲೇ ಇಲ್ಲ. ಅವಳು ಗ್ಲಾಸಿನೊಳಗೆ ನೋಡಲಿಲ್ಲ, ಅವರ ಮುಖ ನೋಡಿಕೊಂಡು ಪೂರಾ ಕುಡಿದಳು.

“ಸಿನೆಮಾ ಹೆಂಗಿತ್ತು?” ಎಂದು ಕೇಳಿದರು.

“ನೀವು ಓದಿದ್ದ ಚಲೋ ಇತ್ತು,” ಎಂದಳು.

ಆ ಗುರುವಾರ ಪುಸ್ತಕ ಹಿಂದಕ್ಕೆ ಬಂತು. ಶನಿವಾರ ರಬ್ಬರ್ ಹಿಡಿದು ಕೂತು ಮೊದಲು ನಲವತ್ತನೇ ಪುಟ ತೆಗೆದೆ. ಬ್ಯಾಂಕಿನವನ ಬರಹ ಅಲ್ಲೇ ಇತ್ತು, ಹೆಬ್ಬೆಟ್ಟು ತಾಗಿ ತಾಗಿ ಮಸುಕಾಗಿತ್ತು. ಅದರ ಕೆಳಗೆ ಬೇರೆ ಕೈಯ ಪೆನ್ಸಿಲ್, ಅಕ್ಷರ ಸ್ವಲ್ಪ ನಡುಗಿದ್ದವು. ಜೀವನದಲ್ಲಿ ಮೊದಲ ಸಲ ನಾನು ಉಜ್ಜುವ ಮುಂಚೆ ಓದಿದೆ. ಅಕ್ಷರ ಅಕ್ಷರ ಕೂಡಿಸಿ ಓದಲು ಬಹಳ ಹೊತ್ತು ಹಿಡಿಯಿತು.

‘ಸಿನೆಮಾದಲ್ಲಿ ಡಾಕ್ಟರು. ನಮ್ಮ ಮನೆಯಲ್ಲಿ ಮ್ಯಾನೇಜರು.’

ಬೆನ್ನಿನ ನೀಲಿ ಚುಕ್ಕಿಯ ಮೇಲೆ ಕೆಂಪು ಹಚ್ಚಬೇಕಿತ್ತು. ಕುಂಚ ಅದ್ದಿದೆ, ಮತ್ತೆ ಒರೆಸಿ, ಉಜ್ಜದ ರಬ್ಬರಿನ ಪಕ್ಕದಲ್ಲಿ ಇಟ್ಟೆ. ನೀಲಿಯೇ ಇರಲಿ.

“ಇನ್ನೂರ ಹದಿನಾಲ್ಕು ಉಜ್ಜಿ ಆಯ್ತಾ?” ಎಂದು ಮಾಸ್ಟ್ರು ಮೇಜಿನಿಂದ ಕೇಳಿದರು.

“ಆತ್ರಿ,” ಎಂದೆ, ಕಿಟಕಿಯ ಕಡೆ ನೋಡುತ್ತ.

ಮಾಸ್ಟ್ರು ಕನ್ನಡಕದ ಮೇಲಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಪುಸ್ತಕ ತೆಗೆದು ನೋಡಲಿಲ್ಲ. ಕಪಾಟಿನಲ್ಲಿ ಅದರ ಜಾಗಕ್ಕೆ ಇಟ್ಟುಬಿಟ್ಟರು.